ಯುದ್ಧದ ಪಟದಲ್ಲಿ ಹುಲ್ಲು ಹೊತ್ತವನು ಎಲ್ಲಿ?

ಜನವರಿ ಒಂದರ ಕಾರ್ಯಕ್ರಮಕ್ಕೆಂದು ನಮ್ಮ ರಾಮಾಪುರದ ಕೇರಿಯ ಹುಡುಗರು ಕಾಸು ಕೂಡಿಸಿ ಕೋರೆಗಾಂವ್ ಯುದ್ಧದ ಆಯಿಲ್ ಪೇಂಟಿಂಗ್ ಬರೆಸಲು ಹೊರಟರು. ಬೋರ್ಡು ಬರೆಯುವ ಗೆಳೆಯ "ಯಾವ್ ಪಟ ನೋಡ್ಕಂಡು ಬರೀಲಿ ಸಾ?" ಎಂದು ನನ್ನನ್ನು ಕೇಳಿದ. ಹುಡುಗರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ನಡುವೆ ಕುದುರೆ, ಅದರ ಮೇಲೆ ಕತ್ತಿ ಎತ್ತಿದ ಸರದಾರ, ಕೆಳಗೆ ಹೆಣಗಳು. ಜಗಲಿಯ ಮೇಲಿದ್ದ ಅಜ್ಜ ಇಣುಕಿ ನೋಡಿ, "ಅಲ್ಲ ಕನ ಮೊಗ, ಆ ಕುದ್ರೆಗೆ ಹುಲ್ಲು ಹೊತ್ತಾಕ್ದವ್ನು ಎಲ್ಲವ್ನೆ ಇದ್ರಲ್ಲಿ?" ಅಂದರು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ.

ಯುದ್ಧದ ಪಟಗಳನ್ನು ನಾವು ಕಣ್ಣಾರೆ ಕಂಡ ಸಾಕ್ಷಿ ಎಂದು ನಂಬಿಬಿಡುತ್ತೇವೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆಯನ್ನೇ ತೆಗೆದುಕೊಳ್ಳಿ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ಮುರಿದರು. ಆ ಗೆಲುವನ್ನು ಟಿಪ್ಪು ತನ್ನ ಅರಮನೆಯ ಗೋಡೆಗೆ ಬರೆಸಿದ. ಆದರೆ ಇವತ್ತು ನಾವು ನೋಡುವುದೆಲ್ಲ ಅಂದಿನ ಬಣ್ಣವಲ್ಲ. 1799ರ ನಂತರ ಅಲ್ಲಿ ಬಿಡಾರ ಹೂಡಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. 1850ರ ದಶಕದಲ್ಲಿ ಡಾಲ್‌ಹೌಸಿ ಮತ್ತೆ ಬರೆಸಿದ. ಪೊಲ್ಲಿಲೂರಿನಲ್ಲಿ ಸೋತವರ ಕಡೆಯವರೇ ಆ ಸೋಲಿನ ಚಿತ್ರವನ್ನು ತಿದ್ದಿಸಿ ಉಳಿಸಿದರು! ಕಾಗದದ ಮೇಲೂ ಅದರ ಪ್ರತಿಗಳಿವೆ. ಒಂದು ಪ್ರತಿ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ಇನ್ನೊಂದು ಕಡೆಯ ಚಿತ್ರವೂ ಉಂಟು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಲಂಡನ್ನಿನಲ್ಲಿ ಕೂತು ಆ ಮುತ್ತಿಗೆಯನ್ನು 120 ಅಡಿ ಉದ್ದದ ಕ್ಯಾನ್ವಾಸಿನ ಮೇಲೆ ಬರೆದ. ಅವನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಜನ ದುಡ್ಡು ಕೊಟ್ಟು ನೋಡಿದರು. ಮೂಲಚಿತ್ರ ಬೆಂಕಿಗೆ ಹೋಯಿತು. ಅದನ್ನು ನೋಡಿ ಕೆತ್ತಿ ಅಚ್ಚು ಹಾಕಿದ ಪ್ರತಿಗಳು ಉಳಿದವು. ಯುದ್ಧದ ಚಿತ್ರ ಲಂಡನ್ನಿನಲ್ಲಿ ಕಾಸು ಮಾಡುತ್ತಿದ್ದಾಗ ಯುದ್ಧದ ಫಲ ನಮ್ಮ ಊರಿಗೆ ಬಂದಿತ್ತು. ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಗಿ, 1956ರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಡೆಯ ಬದಲಾದ. ಹೊಲದಲ್ಲಿ ಬಗ್ಗಿದ ಬೆನ್ನು ಬದಲಾಯಿತೆ?

ಇವೆರಡೂ ಶತ್ರುಗಳ ಚಿತ್ರಗಳು, ಆದರೂ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಒಂದರಲ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕೂತ ಬೈಲಿ, ದುರ್ಬೀನು ಹಿಡಿದ ಫ್ರೆಂಚ್ ಲಾಲಿ. ಇನ್ನೊಂದರಲ್ಲಿ ಕೋಟೆ ಹತ್ತುವ ಬಿಳಿಯ ಅಧಿಕಾರಿಗಳು. ನಾವು ಗುರುತು ಹಿಡಿಯುವುದು ಇವರನ್ನೇ. ತೋಪು ಎಳೆದ ಎತ್ತು, ಎತ್ತು ಹೊಡೆದವನು, ಜೀನು, ಮೆಟ್ಟು, ನಗಾರಿಗೆ ತೊಗಲು ಹದ ಮಾಡಿದ ಕೈ, ನೀರು ಹೊತ್ತ ಹೆಂಗಸು ಇವರಿಗೆ ಹೆಸರಿಲ್ಲ. 1791-92ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಸಿವಿನಿಂದ ಸಾಯದೆ ಉಳಿದದ್ದು ಲಂಬಾಣಿಗರ ಎತ್ತುಗಳು ಹೊತ್ತು ತಂದ ಕಾಳಿನಿಂದ. ಆ ಗೆಲುವಿನ ಪಟಗಳಲ್ಲಿ ಲಂಬಾಣಿ ನಾಯಕನೊಬ್ಬನ ಮುಖವನ್ನು ಯಾರು ಬಲ್ಲರು?

ಕೋರೆಗಾಂವ್ ಬೇರೆಯಾಗಿ ನಿಲ್ಲುವುದು ಇಲ್ಲಿ. 1818ರ ಜನವರಿ 1ರ ಯುದ್ಧವಾದ ಮೇಲೆ ಕಂಪನಿ ಅಲ್ಲಿ ಕಲ್ಲಿನ ಕಂಬ ನಿಲ್ಲಿಸಿತು. ಅದರಲ್ಲಿ ಸತ್ತವರ ಹೆಸರುಗಳಿವೆ; 'ನಾಕ್' ಎಂದು ಕೊನೆಯಾಗುವ 22 ಮಹಾರರ ಹೆಸರುಗಳೂ ಇವೆ. 1927ರ ಜನವರಿ 1ರಂದು ಬಾಬಾಸಾಹೇಬರು ಹೋಗಿ ನಿಂತದ್ದು ಈ ಹೆಸರುಗಳ ಮುಂದೆ, ಯಾವ ಸರದಾರನ ಕುದುರೆಯ ಮುಂದೆಯೂ ಅಲ್ಲ. ಹಾಗೆಂದು ಕಂಪನಿಯನ್ನು ನಮ್ಮ ಬಂಧು ಎಂದುಕೊಳ್ಳಬೇಕಿಲ್ಲ. ಹೆಸರು ಕೆತ್ತಿದ ಅದೇ ಬ್ರಿಟಿಷರು 1890ರ ದಶಕದ ಹೊತ್ತಿಗೆ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು.

ಇದನ್ನೆಲ್ಲ ಹೇಳಿ, ಪಟದಲ್ಲಿ ಹುಲ್ಲು ಹೊತ್ತವನೂ ಇರಲಿ ಅಂದೆ. ಒಬ್ಬ ಹುಡುಗ ಸಿಟ್ಟಿನಿಂದಲೇ ಕೇಳಿದ: "ಸಾ, ಹೊರೆ ಹೊರೋದ್ನ ದಿನಾ ನೋಡ್ತಾನೆ ಇವ್ನಿ. ಗೋಡೆ ಮೇಲಾದ್ರೂ ನಾವು ಕತ್ತಿ ಹಿಡೀಬಾರ್ದಾ?" ನನ್ನ ಎಂ.ಎ. ಓದು ಅಲ್ಲಿ ಸುಮ್ಮನಾಯಿತು. ಅವನ ಮಾತು ಸುಳ್ಳಲ್ಲ. ಅವಮಾನ ಉಂಡವನಿಗೆ ಕತ್ತಿ ಹಿಡಿದ ಚಿತ್ರ ಬೇಕು. ಆದರೆ ಕುದುರೆಯ ಮೇಲಿನವನನ್ನು ಇಳಿಸಿ ಅದೇ ಜಾಗದಲ್ಲಿ ನಮ್ಮವನನ್ನು ಕೂರಿಸಿದರೆ, ಹುಲ್ಲು ಹೊತ್ತವನು ಮತ್ತೆ ಪಟದಿಂದ ಆಚೆಗೇ ಉಳಿಯುತ್ತಾನೆ. ಅವಮಾನ ಇದ್ದದ್ದು ಹೊರೆಯಲ್ಲಲ್ಲ. ಹೊರಿಸಿಕೊಂಡು ಹೆಸರು ಅಳಿಸಿದವರ ಕೈಯಲ್ಲಿ.

ಕೊನೆಗೆ ಗೆಳೆಯ ಎರಡನ್ನೂ ಬರೆದ. ನಡುವೆ ಕಂಬ, ಅದರ ಬುಡದಲ್ಲಿ ಕತ್ತಿ ಹಿಡಿದ ಸಿಪಾಯಿ, ಬಲಗಡೆ ಹುಲ್ಲಿನ ಹೊರೆ ಹೊತ್ತು ನೆಟ್ಟಗೆ ನಿಂತ ಒಬ್ಬ ಮನುಷ್ಯ. ಆ ಮುಖಕ್ಕೆ ಯಾವ ಪಟವೂ ಸಿಗಲಿಲ್ಲ. ಅಜ್ಜನನ್ನು ಎದುರಿಗೆ ಕೂರಿಸಿಕೊಂಡು ನೋಡಿ ಬರೆದ. ಆ ಮೂಲೆಯೊಂದೇ ನಕಲಲ್ಲ.