ಕಾವಲೂ ಕರುಣೆಯೂ: ಕಲ್ಯಾಣದಿಂದ ವೆಂಕಟಮ್ಮನಹಳ್ಳಿಯವರೆಗೆ



ಕಲ್ಯಾಣದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರಿಗೂ ಬ್ರಾಹ್ಮಣ ಮಧುವರಸರಿಗೂ ಬೀಗತನ ಬೆಳೆದಾಗ, ಬಿಜ್ಜಳನು ಆ ಇಬ್ಬರು ಶರಣರಿಗೆ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಅನಂತರ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ಪ್ರಭುತ್ವದ ಕ್ರೌರ್ಯಕ್ಕೆ ಕತ್ತಿಯೇ ಉತ್ತರವಾದಾಗ ಬರಿದಾದದ್ದು ಅನುಭವ ಮಂಟಪ. ಚೆದುರಿದ ವಚನಗಳನ್ನು ಮತ್ತೆ ಕೂಡಿಸಲು ಶತಮಾನಗಳೇ ಬೇಕಾದವು. ಆ ಪುಣ್ಯಕಾರ್ಯದಲ್ಲಿ ಕುಣಿಗಲ್ ತಾಲ್ಲೂಕಿನ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯ ಪಾಲು ದೊಡ್ಡದು.

ಈ ಪಾಠ ಹಳೆಯ ಪುರಾಣವಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನ ನಾವು ಪಾವಗಡವನ್ನು ದೂರದ ಗಡಿಯೆಂದು ಭಾವಿಸುತ್ತೇವೆ. ಆದರೆ ಅದು ನಮ್ಮದೇ ಜಿಲ್ಲೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಮಲೆನಾಡಿನ ಕಾಡುವಾಸಿಗಳಲ್ಲಿ ಒಕ್ಕಲೇಳುವ ಭಯ ಹುಟ್ಟಿತ್ತು. ನಕ್ಸಲ್ ಚಳವಳಿ ಅಲ್ಲಿ ಬೇರೂರಲು ಆ ಭಯವೂ ಒಂದು ಕಾರಣವಾಯಿತು. 2005ರ ಫೆಬ್ರವರಿಯಲ್ಲಿ ಅದರ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ರಾಜ್ಯ ಮೀಸಲು ಪೊಲೀಸರ ಮೇಲೆ ನಕ್ಸಲರು ರಾತ್ರಿವೇಳೆ ದಾಳಿ ಮಾಡಿ ಹಲವರನ್ನು ಕೊಂದರು. ಶೋಷಿತರ ಹೆಸರಿನಲ್ಲಿ ಸಿಡಿದ ಆ ಗುಂಡು ತಗುಲಿದ್ದು ಯಾರದೋ ಮನೆಯ ದುಡಿಯುವ ಮಕ್ಕಳಿಗೆ. ಅದರಿಂದ ಯಾವ ಬಡವನಿಗೂ ಒಂದು ಗುಂಟೆ ಭೂಮಿ ದೊರೆಯಲಿಲ್ಲ.

ಹಾಗಾದರೆ ಕಾವಲು ಬೇಡವೇ? ಬೇಕು. ಊರಿನ ಮೇಲೆ ಬಂದೂಕು ಎತ್ತಿದವನನ್ನು ತಡೆಯುವುದು ಪ್ರಭುತ್ವದ ಧರ್ಮ. ಆದರೆ ತಡೆದು ನಿಲ್ಲಿಸಿದ ಮಾತ್ರಕ್ಕೆ ಕಾರಣ ಅಳಿಯದು. ರಾಜ್ಯವು ಶರಣಾಗತಿ ಹಾಗೂ ಪುನರ್ವಸತಿಯ ದಾರಿಯನ್ನೂ ತೆರೆಯಿತು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಆ ದಾರಿಯಲ್ಲಿ ಮರಳಿದರು. 2024ರ ನವೆಂಬರಿನಲ್ಲಿ ವಿಕ್ರಂ ಗೌಡ ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಮಲೆನಾಡಿನವರ ಭೂಮಿಯ ಹಕ್ಕನ್ನೂ ಕೇಳಿದರು. ಮುಂದೆ ಅವರು ನ್ಯಾಯಾಲಯವನ್ನು ಎದುರಿಸಬೇಕಾಯಿತು. ಅದು ಸರಿಯೇ: ಮಡಿದವರ ಮನೆಗೂ ನ್ಯಾಯ ಸಲ್ಲಬೇಕು. ಆದರೆ ಅವರು ಕೇಳಿದ ಹಕ್ಕುಪತ್ರ ಗುಡ್ಡದ ಗುಡಿಸಲಿಗೆ ತಲುಪದಿದ್ದರೆ, ಇಳಿಸಿದ ಬಂದೂಕನ್ನು ಇನ್ನೊಬ್ಬ ತರುಣ ಎತ್ತಿಕೊಂಡಾನು.

ಈ ದೃಷ್ಟಿಯಿಂದ ಸಿದ್ಧಗಂಗೆಯ ತ್ರಿವಿಧ ದಾಸೋಹವನ್ನು ನೋಡಬೇಕು. ಜಾತಿಮತವೆಣಿಸದೆ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದ ಪೂಜ್ಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದರು, ಪಂಕ್ತಿ ಮುಂದುವರಿದಿದೆ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡ ಹುಡುಗನಿಗೆ ತಾನು ಈ ಸಮಾಜದವನೆಂಬ ಭಾವ ಬರುತ್ತದೆ. ಕಾವಲು ಇಂದಿನ ಗುಂಡನ್ನು ತಡೆಯಬಲ್ಲದು. ನಾಳೆಯ ಗುಂಡನ್ನು ತಡೆಯುವುದು ಈ ಭಾವ. ನಮ್ಮೂರಿನ ಪಂಕ್ತಿಯಿಂದ ಹೊರಗುಳಿದವರು ಯಾರೆಂದು ನಾವು ಕೇಳಿಕೊಳ್ಳೋಣ.