ಕುಮಾರರಾಮನ ಕಥೆ: ಎಳೆಯರ ಸಾಹಸ ಕಥನವಾಗಿ

ಕುಮಾರರಾಮನ ಕಥೆ: 14ನೆಯ ಶತಮಾನದ ಮೊದಲ ದಶಕಗಳಲ್ಲಿ ಕಂಪ್ಲಿ ಸೀಮೆಯನ್ನಾಳಿದ ಕಂಪಿಲರಾಯ ಮತ್ತು ಹರಿಯಲದೇವಿಯರ ಮಗ ಕುಮಾರರಾಮನ ಸುತ್ತ ಬೆಳೆದ ಕಥಾಚಕ್ರ. ಕಂಪ್ಲಿ, ಸಂಡೂರು, ಹೊಸಪೇಟೆ, ಆನೆಗೊಂದಿ ಸುತ್ತಿನ ಹಳ್ಳಿಗಳಲ್ಲಿ ಹಾಡು, ಬಯಲಾಟ, ಬುರ್ರಕಥೆಗಳಾಗಿ ಉಳಿದುಬಂದಿದೆ. ಗಂಡುಗಲಿ, ಪರನಾರೀಸಹೋದರ ಎಂಬವು ನಾಯಕನ ಬಿರುದುಗಳು. ಜನಪದ ಕಥೆಯನ್ನು ಎಳೆಯರ ಅದ್ಭುತ ಸಾಹಸವಾಗಿ ಮರಳಿ ಕಟ್ಟುವ ಕೆಲಸ ಈಚೆಗೆ ಹಲವು ನಾಡುಗಳಲ್ಲಿ ನಡೆದಿದೆ. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಟ್ರೇಸಿ ಬ್ಯಾಪ್ಟಿಸ್ಟ್ ಕೆರಿಬಿಯನ್ ದ್ವೀಪಗಳ ದೆವ್ವಗಳನ್ನು ತಂದು 2015ರಲ್ಲಿ 'ದ ಜಂಬೀಸ್' ಬರೆದರು. 2018ರಲ್ಲಿ ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಗೇಮಿನ ಲೋಕದಲ್ಲಿ ನಡೆಯುವ ಕಾದಂಬರಿಯನ್ನೂ ಬರೆದರು. ತುಂಗಭದ್ರೆಯ ದಂಡೆಯಲ್ಲಿ ಅಂಥ ಕೆಲಸಕ್ಕೆ ಒದಗುವ ಮೊದಲ ಸಾಮಗ್ರಿ ಕುಮಾರರಾಮನ ಕಥೆ.

ಕಥೆಯ ತಿರುಳು ಹೀಗಿದೆ. ರಾಮ ಗೆಳೆಯರೊಡನೆ ಚೆಂಡಾಡುವಾಗ ಚೆಂಡು ಹೋಗಿ ತಂದೆಯ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ತಾನೇ ಹೋಗುತ್ತಾನೆ. ಅವಳು ಅವನನ್ನು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ, ಅವಳು ಅರಸನ ಬಳಿ ಸುಳ್ಳು ದೂರು ಹೇಳುತ್ತಾಳೆ. ಮಗನ ತಲೆ ಕಡಿಯಲು ಅಪ್ಪಣೆಯಾಗುತ್ತದೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ರುಂಡವನ್ನು ಅರಸನಿಗೆ ಒಪ್ಪಿಸುತ್ತಾನೆ. ದೆಹಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿದಾಗ, ಊರೆಲ್ಲ ಸತ್ತನೆಂದುಕೊಂಡಿದ್ದ ರಾಮ ಮಾಳಿಗೆಯಿಂದ ಎದ್ದು ಬಂದು ಶತ್ರುವನ್ನು ಓಡಿಸುತ್ತಾನೆ. ಮತ್ತೊಮ್ಮೆ ಬಂದ ದಂಡಿಗೆ ಮಾತಂಗಿ ಎಂಬ ಹೆಣ್ಣು ಮುಂದಾಳು. ಅವಳೊಡನೆ ನಡೆದ ಕಾಳಗದಲ್ಲಿ ರಾಮ ಮಡಿಯುತ್ತಾನೆ.

ಕಾವ್ಯ ಪರಂಪರೆಯ ಸಂಗತಿ ಸಾಕಷ್ಟು ಚರ್ಚೆಯಾಗಿದೆ. ಈ ಕಥೆಯನ್ನು ಹೇಳುವ ಕಾವ್ಯಗಳಲ್ಲಿ 16ನೆಯ ಶತಮಾನದ ನಂಜುಂಡ ಕವಿಯ ಸಾಂಗತ್ಯ ಹೆಸರಾದದ್ದು. ಇದೇ ಕಥೆ ಬರೆದ ಪಾಂಚಾಳ ಗಂಗ ಆಮೇಲಿನವನು. 1929ರಲ್ಲಿ ಎನ್. ವೆಂಕಟರಮಣಯ್ಯನವರು ಕಂಪಿಲಿ ಮತ್ತು ವಿಜಯನಗರದ ನಂಟಿನ ಬಗ್ಗೆ ಪುಸ್ತಕ ಬರೆದ ಮೇಲೆ ವಿದ್ವಾಂಸರು ಈ ಸಾಂಗತ್ಯಗಳನ್ನು ಚರಿತ್ರೆಯ ಆಕರವಾಗಿಯೂ ಓದತೊಡಗಿದರು.

ಗೊಂದಲವಿರುವುದು ಕೊನೆಯ ಅಂಕದಲ್ಲಿ, ಅದರಲ್ಲೂ ರುಂಡದ ವಿಷಯದಲ್ಲಿ. ಘಿಯಾಸುದ್ದೀನ್ ತುಘಲಕನ ಸೋದರಳಿಯ ಬಹಾವುದ್ದೀನ್ ಗುರ್ಷಾಸ್ಪ್, ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತು ಕಂಪಿಲರಾಯನ ಮರೆಹೊಕ್ಕ. 1327ರ ಸುಮಾರಿಗೆ ಕಂಪಿಲಿ ಬಿದ್ದದ್ದು ಇದರಿಂದ. ಪ್ರವಾಸಿ ಇಬ್ನ್ ಬತೂತನ ಪ್ರಕಾರ ರಾಯ ಅತಿಥಿಯನ್ನು ಇನ್ನೊಬ್ಬ ಅರಸನ ಬಳಿಗೆ ಕಳಿಸಿ, ಅರಮನೆಯ ಹೆಂಗಸರು ಬೆಂಕಿಗೆ ಬಿದ್ದ ಮೇಲೆ ತಾನು ಹೋರಾಡಿ ಸತ್ತ. ಸೆರೆಸಿಕ್ಕ ಅವನ ಮಕ್ಕಳು ಮುಸಲ್ಮಾನರಾಗಿ ಸುಲ್ತಾನನ ಆಸ್ಥಾನದಲ್ಲಿದ್ದರು. ಅವರಲ್ಲಿ ಕೆಲವರನ್ನು ಬತೂತ ಸ್ವತಃ ಬಲ್ಲ. ಆದರೆ ರಾಮನೆಂಬ ಮಗನ ಹೆಸರನ್ನು ಅವನು ಎತ್ತುವುದಿಲ್ಲ. ಅವನ ಬರಹದಲ್ಲಿ ಚರ್ಮ ಸುಲಿಸಿಕೊಂಡು, ಒಳಗೆ ಹುಲ್ಲು ತುಂಬಿ ಊರೂರು ಮೆರೆಸಲ್ಪಟ್ಟವನು ಗುರ್ಷಾಸ್ಪ್. ಜನಪದ ಕಥೆಯಲ್ಲಾದರೋ ದೆಹಲಿಗೆ ಹೋಗುವುದು ಕುಮಾರರಾಮನ ರುಂಡ. ಸಲ್ಮಾನ್ ರಶ್ದಿಯವರ 2023ರ ಕಾದಂಬರಿ 'ವಿಕ್ಟರಿ ಸಿಟಿ'ಯಲ್ಲಿ ಹುಲ್ಲು ತುಂಬಿದ ತಲೆ ಕಂಪಿಲರಾಯನದೇ. ಮೂರು ಕಥನ, ಮೂವರು ಬೇರೆ ಬೇರೆ ವ್ಯಕ್ತಿಗಳು. ಬೈಚಪ್ಪ ತೋರಿಸಿದ ಹುಸಿ ರುಂಡವನ್ನೂ ಸೇರಿಸಿದರೆ ನಾಲ್ಕು. ಇವುಗಳನ್ನು ಒಂದೇ ಘಟನೆಯೆಂದು ಬೆಸೆದು ಬರೆದ ಜನಪ್ರಿಯ ಲೇಖನಗಳನ್ನು ಎಚ್ಚರದಿಂದ ಓದಬೇಕು.

ಸ್ಥಳಗಳಲ್ಲೂ ತೊಡಕಿದೆ. ಕಥೆಯ ಮುಖ್ಯ ಕೋಟೆ ಕುಮ್ಮಟದುರ್ಗ ಕಂಪ್ಲಿಯಲ್ಲಿಲ್ಲ, ನದಿಯಾಚೆ ಗಂಗಾವತಿ ಕಡೆಯ ಗುಡ್ಡಗಳಲ್ಲಿದೆ. ಕಥೆಯ ಇನ್ನೊಂದು ಕೋಟೆಯಾದ ಹೊಸಮಲೆದುರ್ಗವನ್ನು ಕೆಲವರು ಸಂಡೂರಿನ ರಾಮಗಡದ ಬೆಟ್ಟಸಾಲಿನಲ್ಲಿ ಗುರುತಿಸಿದರೆ, ಇಸಾಮಿಯ ಪಾರಸಿ ಕಾವ್ಯದ ಹೊಸದುರ್ಗವನ್ನು ಇನ್ನು ಕೆಲವರು ಆನೆಗೊಂದಿಗೆ ಹೊಂದಿಸುತ್ತಾರೆ.

ಈ ಕಥೆ ಮಕ್ಕಳ ಕಿವಿಗೆ ಬಿದ್ದದ್ದು ಪುಸ್ತಕದಿಂದಲ್ಲ. ಅದಕ್ಕೆ ಅತಿ ದೊಡ್ಡ ಸಾಕ್ಷಿ ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ (1930–2014). ಬುಡ್ಗಜಂಗಮ ಅಲೆಮಾರಿ ಸಮುದಾಯದ ಈಕೆ ಹನ್ನೆರಡರ ಪ್ರಾಯದಲ್ಲಿ ತಂದೆಯಿಂದ ಹಾಡು ಕಲಿತರು; ಓದುಬರಹ ಕಲಿತವರಲ್ಲ. ತಂಗಿ ಮತ್ತು ನಾದಿನಿ ಜೊತೆದನಿ ಕೊಡುತ್ತಿದ್ದರು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ ಸೇರಿ ಹನ್ನೆರಡು ಮಹಾಕಥನಗಳು ಅವರ ಬಾಯಲ್ಲಿದ್ದವು. ಒಂದೊಂದು ಹಲವು ರಾತ್ರಿ ನಡೆಯುವಂಥದು. ಬಾಲನಾಗಮ್ಮನ ಕಥೆಯಲ್ಲಿ ಮಾಯಾವಿಯೊಬ್ಬ ರಾಣಿಯನ್ನು ಹೊತ್ತೊಯ್ಯುತ್ತಾನೆ. ಅವನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಂದರಲ್ಲಿ ಅಡಗಿರುತ್ತದೆ. ಹುಡುಕಿ ಹೊರಡುವವನು ಅವಳ ಎಳೆಯ ಮಗ. ಇವತ್ತಿನ ಮಕ್ಕಳ ಗೇಮುಗಳಲ್ಲಿ ಕಾಣುವ ಜೀವ, ಹಂತ, ಗುಟ್ಟಿನ ಬೀಗದಕೈ ಎಲ್ಲವೂ ಇದರಲ್ಲಿವೆ. ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಸಂದವು.

ಅವರ ಪರಿಚಯಗಳಲ್ಲಿ ಒಂದು ಲೆಕ್ಕದ ತಪ್ಪು ಸುತ್ತುತ್ತಿದೆ. ಹನ್ನೆರಡು ಕಥನಗಳು ಸೇರಿ ಎರಡು ಲಕ್ಷ ಪದ, ಅಚ್ಚಾದರೆ 7,000 ಪುಟ ಎಂದು ಬರೆಯುವುದುಂಟು. ಭಾಗಿಸಿದರೆ ಪುಟಕ್ಕೆ 29 ಪದವೂ ಬರುವುದಿಲ್ಲ. ಪದದ ಜಾಗದಲ್ಲಿ ಸಾಲು ಎಂದು ಓದಿಕೊಂಡರೆ ಪುಟಕ್ಕೆ 28 ಸಾಲಿನ ಚಿಲ್ಲರೆಯಾಗುತ್ತದೆ, ಅದು ಪದ್ಯ ಅಚ್ಚು ಹಾಕುವ ಸಹಜ ಅಳತೆ. ಎರಡು ಲಕ್ಷ ಸಾಲು ಎಂಬುದೇ ಸರಿ ಎನಿಸುತ್ತದೆ.

ಹಳೆಯ ಕಥೆಗಳನ್ನು ಮಕ್ಕಳಿಗೆ ತಲುಪಿಸಿದ ಅಚ್ಚಿನ ಚಿತ್ರಕಥೆಯ ಆರಂಭವೂ ವಿವಾದದ್ದೇ. ಅಮರ ಚಿತ್ರಕಥೆ ಹುಟ್ಟಿದ್ದು 1967ರಲ್ಲಿ, ಅನಂತ ಪೈ ಅವರಿಂದ ಎಂಬುದು ರೂಢಿಯ ಮಾತು. ಅದಕ್ಕೆ ಮುಂಚೆ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರ ಕಥೆಗಳ ಹತ್ತು ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದಿದ್ದರು. ಇಂಗ್ಲಿಷ್ ಸರಣಿಯ 'ಕೃಷ್ಣ' 11ನೆಯ ಸಂಖ್ಯೆಯಿಂದ ಶುರುವಾಗಲು ಕಾರಣ ಅದೇ. ಕುಮಾರರಾಮನ ಕಥೆ ಸಿನಿಮಾ ಆಗಿಯೂ ಬಂತು: 2006ರಲ್ಲಿ ಭಾರ್ಗವ ನಿರ್ದೇಶನದ 'ಗಂಡುಗಲಿ ಕುಮಾರರಾಮ' ತೆರೆಕಂಡಿತು, ನಾಯಕ ಶಿವರಾಜ್‌ಕುಮಾರ್.

ಕಂಪ್ಯೂಟರ್ ಬಂದ ಮೇಲಿನ ದಾಖಲೆ ಕಥೆಗಿಂತ ಕಲ್ಲಿಗೆ ಒಲಿದಿದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ರೂಪಿಸಿದ 'ಪ್ಲೇಸ್–ಹಂಪಿ'ಯಲ್ಲಿ ನೋಡುಗ ತಿರುಗುವ ವೇದಿಕೆಯ ಮೇಲೆ ನಿಂತು, ಹಂಪಿಯ ನಿಜವಾದ ಬಂಡೆಗಳ ನಡುವೆ ಓಡಾಡುವ ಹನುಮಂತನಂಥ ಪಾತ್ರಗಳನ್ನು ಕಾಣುತ್ತಾನೆ. ಅದು ತೋರಣಗಲ್ಲಿನ ಬಳಿಯ ವಿದ್ಯಾನಗರದ ಕಲಾಧಾಮದಲ್ಲಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ಡಿಜಿಟಲ್ ಹಂಪಿ' ಯೋಜನೆ ಗುಡಿ, ಶಿಲ್ಪ, ಭಿತ್ತಿಚಿತ್ರಗಳನ್ನು ಮೂರು ಆಯಾಮದಲ್ಲಿ ಮೂಡಿಸಿತು. 2017ರ 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ಎಂಬ ಗೇಮು ಕರ್ನಾಟಕದ ಚರಿತ್ರೆಯನ್ನು ಬಳಸಿಕೊಂಡರೂ ಆರಿಸಿಕೊಂಡದ್ದು ಹೊಯ್ಸಳರನ್ನು, ಹಳೇಬೀಡು–ಬೇಲೂರುಗಳನ್ನು.

ರಶ್ದಿಯವರ ಹೆಸರು ಇಲ್ಲಿ ಎರಡನೆಯ ಬಾರಿ ಬರುತ್ತದೆ. 2010ರಲ್ಲಿ ಎರಡನೆಯ ಮಗನಿಗಾಗಿ ಬರೆದ 'ಲೂಕಾ ಅಂಡ್ ದ ಫೈರ್ ಆಫ್ ಲೈಫ್' ಪೂರ್ತಿ ವಿಡಿಯೊ ಗೇಮಿನ ಚೌಕಟ್ಟಿನಲ್ಲಿದೆ. ಹುಡುಗನಿಗೆ ಎಷ್ಟು ಜೀವ ಉಳಿದಿದೆ ಎಂಬ ಎಣಿಕೆ ಓದುಗನಿಗೂ ಕಾಣುತ್ತಿರುತ್ತದೆ. ಕಂಪಿಲಿಯ ಬೆಂಕಿಯನ್ನು ಒಂಬತ್ತು ವರ್ಷದ ಹುಡುಗಿ ನೋಡುವಲ್ಲಿಂದ 'ವಿಕ್ಟರಿ ಸಿಟಿ' ಆರಂಭವಾಗುತ್ತದೆ, ಆದರೆ ಅದು ದೊಡ್ಡವರ ಪುಸ್ತಕ.

ಎಳೆಯರಿಗಾಗಿ ಈ ಕಥೆ ಬರೆಯಹೊರಟವರಿಗೆ ಮೊದಲ ಎಡವುಗಲ್ಲು ರತ್ನಾಜಿಯ ಪ್ರಸಂಗ. ಅದನ್ನು ಕಿತ್ತರೆ ನೆಲಮಾಳಿಗೆಗೆ ಕಾರಣ ಉಳಿಯುವುದಿಲ್ಲ, ರುಂಡದ ಮೋಸಕ್ಕೂ ಅರ್ಥವಿರುವುದಿಲ್ಲ. ದರೋಜಿಯ ಹಾಡುಗಾರ್ತಿಯ ಮುಂದೆ ರಾತ್ರಿಯಿಡೀ ಕೂತ ಜನರಲ್ಲಿ ಮಕ್ಕಳೂ ಇರುತ್ತಿದ್ದರು. ಪ್ರಸಂಗವನ್ನು ಅವರಿಗಾಗಿ ಕೈಬಿಡುವ ಪದ್ಧತಿ ಅಲ್ಲಿರಲಿಲ್ಲ.