ಮೂರು ಚಮಚ ಮೈದಾ: ಓಟ್ಸ್ ಕಾರ್ಮೆಲಿಟಾದ ಪಾಠಾಂತರಗಳು

ಅಮೆರಿಕದ ಪಿಲ್ಸ್‌ಬರಿ ಹಿಟ್ಟಿನ ಕಂಪನಿ 1967ರಲ್ಲಿ ನಡೆಸಿದ ಬೇಕಿಂಗ್ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂದ ತಿಂಡಿಗಳಲ್ಲಿ ‘ಓಟ್‌ಮೀಲ್ ಕಾರ್ಮೆಲಿಟಾಸ್’ ಎಂಬುದೂ ಒಂದು. ಕಳಿಸಿದವರು ಮಿನೆಸೋಟ ರಾಜ್ಯದ ವಾಯವ್ಯ ಮೂಲೆಯಲ್ಲಿ, ಕೆನಡಾ ಗಡಿಗೆ ಹತ್ತಿರವಿರುವ ಒಂದು ಸಣ್ಣ ಊರಿನ ಮಹಿಳೆ. ಕೆಳಗೆ ಓಟ್ಸ್, ಮೈದಾ, ಬೆಣ್ಣೆ ಬೆರೆಸಿದ ಉದುರು ಹಿಟ್ಟಿನ ಪದರ. ಅದರ ಮೇಲೆ ಚಾಕೊಲೇಟ್ ಚಿಪ್ಸ್, ಒಡೆದ ನಟ್ಸ್, ಕ್ಯಾರಮೆಲ್. ಎಲ್ಲದರ ಮೇಲೆ ಮತ್ತೆ ಅದೇ ಉದುರು ಹಿಟ್ಟು. ಓವನ್ನಿನಲ್ಲಿ ಬೇಯಿಸಿ, ಆರಿಸಿ, ನಮ್ಮ ಬರ್ಫಿಯ ಹಾಗೆ ಬಿಲ್ಲೆ ಕತ್ತರಿಸುವುದು. ಆ ವರ್ಷದ ಮೊದಲ ಬಹುಮಾನ ಇದಕ್ಕೆ ಬರಲಿಲ್ಲ. ಆದರೂ ಬಹುಮಾನ ಗೆದ್ದ ಎಷ್ಟೋ ತಿಂಡಿಗಳಿಗಿಂತ ಇದೇ ಹೆಚ್ಚು ಬಾಳಿತು. ಅಲ್ಲಿನ ಮನೆಗಳಲ್ಲಿ ಈಗ ಇದು ಅಜ್ಜಿ ಕಾಲದ ತಿಂಡಿ.

ಈ ‘ಅಜ್ಜಿ ಕಾಲ’ವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾರ್ಮೆಲಿಟಾದ ಒಂದೊಂದು ಪದರವೂ ಒಂದೊಂದು ಕಾರ್ಖಾನೆಯ ಡಬ್ಬ, ಚೀಲ, ಬಾಟಲಿಯಿಂದ ಬಂದದ್ದು. ಅವನ್ನೆಲ್ಲ ಒಂದು ಟ್ರೇಗೆ ಸುರಿದ ಮಾತ್ರಕ್ಕೆ ತಿಂಡಿಯಾಗುವುದಿಲ್ಲ, ರಾಡಿಯಾಗುತ್ತದೆ. ರಾಡಿಯಾಗದಂತೆ ತಡೆದದ್ದು ಮೂರು ಟೇಬಲ್ ಚಮಚ ಮೈದಾ ಎಂಬುದು ನನ್ನ ವಾದ. ವಾದಕ್ಕೆ ಬರುವ ಮೊದಲು ಪದರಗಳನ್ನು ಒಂದೊಂದಾಗಿ ಎತ್ತಿ ನೋಡೋಣ.

ಓಟ್ಸ್ ತಂಪು ಮತ್ತು ತೇವದ ಬೆಳೆ. ಗೋಧಿ ಸರಿಯಾಗಿ ಮಾಗದ ಸ್ಕಾಟ್ಲೆಂಡಿನಲ್ಲಿ ಅದು ಜನರ ಹೊಟ್ಟೆ ತುಂಬಿಸಿದ ಧಾನ್ಯ. 1755ರಲ್ಲಿ ಬಂದ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವುದನ್ನು ಸ್ಕಾಟ್ಲೆಂಡಿನಲ್ಲಿ ಜನ ತಿನ್ನುತ್ತಾರೆ ಎಂಬರ್ಥದಲ್ಲಿ ಓಟ್ಸ್ ಪದಕ್ಕೆ ಅರ್ಥ ಬರೆದು ಸ್ಕಾಟರನ್ನು ಕೆಣಕಿದ್ದ. (ನಿಘಂಟುಕಾರರಿಗೂ ಕೆಲವೊಮ್ಮೆ ಕೈ ತಡೆಯುವುದಿಲ್ಲ.) ಗೋಧಿಯಲ್ಲಿರುವ ಜಿಗುಟು ಓಟ್ಸ್‌ನಲ್ಲಿಲ್ಲ, ನಾದಿದರೆ ಎಳೆ ಕಟ್ಟುವುದಿಲ್ಲ, ಉಬ್ಬಿದ ಬ್ರೆಡ್ ಆಗುವುದಿಲ್ಲ. ಹಾಗಾಗಿ ಸ್ಕಾಟರು ಅದನ್ನು ತೆಳ್ಳಗೆ ತಟ್ಟಿ ಕಬ್ಬಿಣದ ಕಾವಲಿಯ ಮೇಲೆ ಸುಟ್ಟರು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಮತ್ತು ಲ್ಯಾಂಕಷೈರಿನವರು ಕಾಕಂಬಿ, ಶುಂಠಿ ಹಾಕಿ ‘ಪಾರ್ಕಿನ್’ ಮಾಡಿದರು. ನವೆಂಬರ್ 5ರ ಬೆಂಕಿಹಬ್ಬಕ್ಕೆ ತಿನ್ನುವ ಈ ಕೇಕನ್ನು ಮಾಡಿದ ದಿನವೇ ಮುಟ್ಟುವುದಿಲ್ಲ. ನಾಲ್ಕು ದಿನ ಡಬ್ಬದಲ್ಲಿ ಮುಚ್ಚಿಟ್ಟರೆ ಮೆತ್ತಗಾಗಿ ರುಚಿ ಏರುತ್ತದೆ. ಜಿಗುಟಿಲ್ಲದ ಧಾನ್ಯವನ್ನು ಸಕ್ಕರೆಯ ಅಂಟಿನಿಂದ ಹಿಡಿದಿಡುವ ಉಪಾಯ ಅಮೆರಿಕಕ್ಕಿಂತ ಬಹಳ ಮೊದಲೇ ಇಂಗ್ಲೆಂಡಿಗೆ ಗೊತ್ತಿತ್ತು ಎಂಬುದಕ್ಕೆ ಪಾರ್ಕಿನ್ ಸಾಕ್ಷಿ.

ಅಮೆರಿಕದಲ್ಲಿ ಓಟ್ಸನ್ನು ಕುದುರೆಯ ಲಾಯದಿಂದ ಊಟದ ಮೇಜಿಗೆ ತಂದವರು ಓಹಾಯೊ ರಾಜ್ಯದ ಗಿರಣಿಯವರು. ಜರ್ಮನಿಯಿಂದ ಬಂದು ಆ್ಯಕ್ರನ್ನಿನಲ್ಲಿ ಅಂಗಡಿಯಿಟ್ಟ ಫರ್ಡಿನಾಂಡ್ ಶೂಮಾಕರ್‌ನ ಓಟ್ಸ್‌ಗೆ ಅಂತರ್ಯುದ್ಧದ ಕಾಲದಲ್ಲಿ ಸೈನ್ಯವೇ ಗಿರಾಕಿಯಾಯಿತು. ಅದೇ ರಾಜ್ಯದ ರವೆನ್ನಾ ಊರಿನ ಗಿರಣಿಯೊಂದು 1877ರಲ್ಲಿ ‘ಕ್ವೇಕರ್’ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. 1881ರಲ್ಲಿ ಹೆನ್ರಿ ಪಾರ್ಸನ್ಸ್ ಕ್ರೊವೆಲ್ ಅದನ್ನು ಕೊಂಡ. ಸಿಪ್ಪೆ ತೆಗೆದ ಓಟ್ಸ್‌ನಲ್ಲಿ ಕೊಬ್ಬಿನಂಶ ಜಾಸ್ತಿ. ಕಾಳಿನೊಳಗಿನ ಕಿಣ್ವ ಆ ಕೊಬ್ಬನ್ನು ಒಡೆದರೆ ಕಹಿ ಬರುತ್ತದೆ. ಅದಕ್ಕೆ ಗಿರಣಿಯಲ್ಲಿ ಆವಿ ಹಾಯಿಸಿ ಕಿಣ್ವವನ್ನು ಅಡಗಿಸಿ, ರೋಲರಿನ ನಡುವೆ ಅವಲಕ್ಕಿಯ ಹಾಗೆ ಒತ್ತುತ್ತಾರೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆನೆಸಿ, ಹುರಿದು, ಕುಟ್ಟುವ ಅವಲಕ್ಕಿಯ ತರ್ಕವೂ ಹೆಚ್ಚುಕಡಿಮೆ ಇದೇ. 1920ರ ದಶಕದ ಆರಂಭದಲ್ಲಿ ಕ್ವೇಕರ್ ಕಂಪನಿ ಕಾಳನ್ನು ಚೂರು ಮಾಡಿ ಒತ್ತಿದ ‘ಕ್ವಿಕ್’ ಓಟ್ಸ್ ತಂದಿತು. ಕಾರ್ಮೆಲಿಟಾದ ಮೂಲ ಪಾಠ ಕೇಳುವುದು ಇದನ್ನೇ. ಚೂರು ಸಣ್ಣದಿದ್ದಷ್ಟೂ ಬಿಲ್ಲೆ ಕತ್ತರಿಸುವಾಗ ಅಂಚು ಕಿತ್ತುಬರುವುದಿಲ್ಲ.

ಕ್ರೊವೆಲ್ ಮಾಡಿದ ದೊಡ್ಡ ಬದಲಾವಣೆ ಬೇರೆಯೇ. ಅದುವರೆಗೆ ಅಂಗಡಿಯ ತೆರೆದ ಪೀಪಾಯಿಯಿಂದ ಮೊಗೆದು ಕೊಡುತ್ತಿದ್ದ ಧಾನ್ಯವನ್ನು ಅವನು ರಟ್ಟಿನ ಡಬ್ಬಕ್ಕೆ ಹಾಕಿದ. ಡಬ್ಬಕ್ಕೆ ಬೆನ್ನಿದೆ, ಬೆನ್ನಿನಲ್ಲಿ ಖಾಲಿ ಜಾಗವಿದೆ, ಅಲ್ಲಿ ಅಡುಗೆಯ ವಿಧಾನ ಅಚ್ಚಾಯಿತು. ಫ್ಯಾನಿ ಫಾರ್ಮರ್ 1896ರ ತನ್ನ ಬಾಸ್ಟನ್ ಅಡುಗೆ ಪುಸ್ತಕದಲ್ಲೇ ಓಟ್ಸ್ ಕುಕಿಯನ್ನು ಕೊಟ್ಟಿದ್ದಳು. ಅದರಲ್ಲಿ ಮೈದಾ ಹೆಚ್ಚು, ಓಟ್ಸ್ ನೆಪಕ್ಕೆ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಇಪ್ಪತ್ತನೇ ಶತಮಾನದ ಆರಂಭದ ಓಟ್ಸ್ ಡಬ್ಬಗಳು. ಆಹಾರದ ಚರಿತ್ರೆ ಬರೆಯುವವರು ಪುಸ್ತಕಗಳನ್ನು ಜೋಪಾನ ಮಾಡುತ್ತಾರೆ, ಡಬ್ಬಗಳನ್ನು ರದ್ದಿಗೆ ಹಾಕುತ್ತಾರೆ. ಓದುಗರ ಸಂಖ್ಯೆ ಲೆಕ್ಕ ಹಾಕಿದರೆ ಡಬ್ಬವೇ ದೊಡ್ಡ ಗ್ರಂಥ.

ಇನ್ನು ಕ್ಯಾರಮೆಲ್. ಸಕ್ಕರೆಯನ್ನು ಎಳೆ ಪಾಕ, ಉಂಡೆ ಪಾಕ ದಾಟಿಸಿ ಸುಮಾರು 160–170 ಡಿಗ್ರಿ ಸೆಲ್ಸಿಯಸ್‌ಗೆ ಒಯ್ದರೆ ಕಂದು ತಿರುಗುತ್ತದೆ. ಇನ್ನೊಂದು ಗಳಿಗೆ ಬಿಟ್ಟರೆ ಸೀದುಹೋಗುತ್ತದೆ. ಹಾಲು, ಬೆಣ್ಣೆ ಸೇರಿದ ಮೆತ್ತನೆಯ ಕ್ಯಾರಮೆಲ್‌ಗೆ ಅಷ್ಟು ಶಾಖ ಬೇಡ. ಅಲ್ಲಿ ಹಾಲಿನ ಪ್ರೋಟೀನೂ ಸಕ್ಕರೆಯೂ ಕೂಡಿ ಬಣ್ಣ ಪರಿಮಳ ಕೊಡುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್‌ನ ಹೆಸರೇ ಆ ಕ್ರಿಯೆಗೆ ನಿಂತಿದೆ. ಅಮೆರಿಕದ ಕ್ಯಾರಮೆಲ್ ಕಥೆಯಲ್ಲಿ ಒಂದು ವ್ಯಂಗ್ಯವಿದೆ. ಮಿಲ್ಟನ್ ಹರ್ಷಿ ಮೊದಲು ಹೆಸರು ಮಾಡಿದ್ದು ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರಿನಲ್ಲಿ, ಕ್ಯಾರಮೆಲ್ ವ್ಯಾಪಾರದಲ್ಲಿ. 1893ರ ಶಿಕಾಗೊ ಮಹಾಪ್ರದರ್ಶನದಲ್ಲಿ ಜರ್ಮನಿಯ ಚಾಕೊಲೇಟ್ ಯಂತ್ರಗಳನ್ನು ಕಂಡು ಮರುಳಾಗಿ ಅವನ್ನು ಕೊಂಡ. ಮೊದಮೊದಲು ಚಾಕೊಲೇಟ್ ಅವನಿಗೆ ಕ್ಯಾರಮೆಲ್ಲಿಗೆ ಹೊದಿಸುವ ಅಂಗಿ ಮಾತ್ರ. 1900ರಲ್ಲಿ ಕ್ಯಾರಮೆಲ್ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರಿ, ಅಂಗಿಯನ್ನೇ ಇಟ್ಟುಕೊಂಡ. ವ್ಯಾಪಾರಿ ಬೇರೆ ಮಾಡಿದ ಈ ಜೋಡಿಯನ್ನು ಮನೆಯ ಟ್ರೇ ಮತ್ತೆ ಕೂಡಿಸಿತು.

ಚಾಕೊಲೇಟ್ ಚಿಪ್ಸ್‌ಗೆ ಇದಕ್ಕಿಂತ ಗಟ್ಟಿಯಾದ ಐತಿಹ್ಯವಿದೆ. ಮ್ಯಾಸಚೂಸೆಟ್ಸ್‌ನ ವಿಟ್‌ಮನ್ ಊರಿನಲ್ಲಿ ಟೋಲ್ ಹೌಸ್ ಎಂಬ ಊಟದ ಮನೆ ನಡೆಸುತ್ತಿದ್ದ ರುತ್ ವೇಕ್‌ಫೀಲ್ಡ್, ಕುಕಿ ಹಿಟ್ಟಿಗೆ ಹಾಕಿದ ಚಾಕೊಲೇಟ್ ಚೂರು ಕರಗದೆ ಉಳಿದು, ಅಕಸ್ಮಾತ್ತಾಗಿ ಹೊಸ ತಿಂಡಿ ಹುಟ್ಟಿತು ಎಂದು ಹೇಳುವವರಿದ್ದಾರೆ. ಗೃಹವಿಜ್ಞಾನದಲ್ಲಿ ಪದವಿ ಪಡೆದು, ಅಡುಗೆಯನ್ನೇ ವೃತ್ತಿ ಮಾಡಿಕೊಂಡು, ಅಡುಗೆ ಪುಸ್ತಕ ಬರೆದ ಹೆಂಗಸಿಗೆ ಚಾಕೊಲೇಟ್ ಯಾವಾಗ ಕರಗುತ್ತದೆಂದು ಗೊತ್ತಿರಲಿಲ್ಲವೇ? ಗಂಡಸಿನ ಹೊಸ ಕೆಲಸಕ್ಕೆ ಸಂಶೋಧನೆ ಎಂತಲೂ ಹೆಂಗಸಿನದಕ್ಕೆ ಆಕಸ್ಮಿಕ ಎಂತಲೂ ಬರೆದುಕೊಳ್ಳುವ ಚಾಳಿ ಆಹಾರ ಚರಿತ್ರೆಯಲ್ಲಿ ಹಳೆಯದು. ಅದಿರಲಿ. 1938ರ ಹೊತ್ತಿಗೆ ಅವಳ ಕುಕಿ ಅಚ್ಚಿನಲ್ಲಿತ್ತು. ಅದಾದ ಸ್ವಲ್ಪ ಕಾಲಕ್ಕೆ ನೆಸ್ಲೆ ಕಂಪನಿ ಕತ್ತರಿಸುವ ಗೋಜಿಲ್ಲದ ಚಿಪ್ಸನ್ನೇ ಚೀಲದಲ್ಲಿ ತುಂಬಿ ಮಾರಲು ತೊಡಗಿತು.

ಹೀಗೆ ಓಟ್ಸ್ ಡಬ್ಬ, ಚಿಪ್ಸ್ ಚೀಲ, ಐಸ್‌ಕ್ರೀಮಿನ ಮೇಲೆ ಸುರಿದುಕೊಳ್ಳುವ ಕ್ಯಾರಮೆಲ್ಲಿನ ಬಾಟಲಿ ಎಲ್ಲವೂ ಒಂದೇ ಕಪಾಟಿಗೆ ಬಂದು ಕೂತವು. ಇವುಗಳನ್ನು ಒಟ್ಟು ಮಾಡುವ ವೇದಿಕೆ ಒದಗಿಸಿದ್ದು ಪಿಲ್ಸ್‌ಬರಿಯ ‘ಬೇಕ್ ಆಫ್’. 1869ರಲ್ಲಿ ಹುಟ್ಟಿದ ಕಂಪನಿ ತನ್ನ 80ನೇ ವರ್ಷಕ್ಕೆ, 1949ರಲ್ಲಿ, ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಅಂತಿಮ ಸುತ್ತಿನ 100 ಜನರನ್ನು ಸಾಲು ಒಲೆಗಳ ಮುಂದೆ ನಿಲ್ಲಿಸಿತು. ಎಲಿನರ್ ರೂಸ್‌ವೆಲ್ಟ್ ಬಂದು ನೋಡಿದರು. ಮೊದಲ ಬಹುಮಾನ 50,000 ಡಾಲರ್. ಗೆದ್ದವರು ಥಿಯೊಡೋರಾ ಸ್ಮಾಫೀಲ್ಡ್. ಆಗ ಅಚ್ಚಾದದ್ದು ಮಾತ್ರ ‘ಮಿಸೆಸ್ ರಾಲ್ಫ್ ಸ್ಮಾಫೀಲ್ಡ್’ ಎಂದು. ಹಿಟ್ಟು ಕಲಸಿದ್ದು ಹೆಂಡತಿ, ಹೆಸರು ಬಂದದ್ದು ಗಂಡನದು. ಅಂದಿನ ಪದ್ಧತಿಯೇ ಹಾಗಿತ್ತು. ಇಷ್ಟಾದರೂ ಈ ಸ್ಪರ್ಧೆಗಳಿಂದಾಗಿ ಯಾವ ತಿಂಡಿ, ಯಾವ ವರ್ಷ, ಯಾವ ಊರು ಎಂಬ ದಾಖಲೆ ಉಳಿಯಿತು. ನಮ್ಮ ಮೈಸೂರು ಪಾಕ್‌ಗೆ ಇಷ್ಟು ಖಚಿತವಾದ ಜಾತಕವಿಲ್ಲ.

ಈಗ ಮೂಲ ಪಾಠ. 2 ಕಪ್ ಮೈದಾ, 2 ಕಪ್ ಕ್ವಿಕ್ ಓಟ್ಸ್, ಒಂದೂವರೆ ಕಪ್ ಬ್ರೌನ್ ಶುಗರ್, 1 ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ಒಂದೂಕಾಲು ಕಪ್ ಮೆತ್ತಗಿನ ಬೆಣ್ಣೆ. ಇದರಲ್ಲಿ ಅರ್ಧವನ್ನು 13 ಇಂಚು ಉದ್ದ 9 ಇಂಚು ಅಗಲದ ಟ್ರೇಗೆ ಒತ್ತಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 175 ಸೆಲ್ಸಿಯಸ್‌ನಲ್ಲಿ, 10 ನಿಮಿಷ ಬೇಯಿಸಬೇಕು. ಹೊರತೆಗೆದು 1 ಕಪ್ ಚಾಕೊಲೇಟ್ ಚಿಪ್ಸ್, ಅರ್ಧ ಕಪ್ ನಟ್ಸ್ ಉದುರಿಸಿ, ಒಂದು ಬಾಟಲಿ ಕ್ಯಾರಮೆಲ್‌ಗೆ 3 ಟೇಬಲ್ ಚಮಚ ಮೈದಾ ಕಲಸಿ ಸುರಿದು, ಉಳಿದ ಹಿಟ್ಟು ಉದುರಿಸಿ ಮತ್ತೆ 20 ನಿಮಿಷದಷ್ಟು ಒಳಗಿಡಬೇಕು. ಆರಿದ ಮೇಲೆ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ 36 ಬಿಲ್ಲೆ.

ಒಂದೇ ಹಿಟ್ಟು ನೆಲವೂ ಆಗಿ ಚಾವಣಿಯೂ ಆಗುವ ಈ ಕಟ್ಟು 1967ಕ್ಕೆ ಹೊಸದಲ್ಲ. ಕೆನಡಾದ ಪ್ರೇರಿ ಬಯಲಿನಲ್ಲಿ ‘ಮ್ಯಾಟ್ರಿಮೋನಿಯಲ್ ಕೇಕ್’ ಎಂಬ ಖರ್ಜೂರದ ಬಿಲ್ಲೆ ಎರಡನೇ ಮಹಾಯುದ್ಧಕ್ಕೆ ಮುಂಚಿನಿಂದ ಮನೆಮಾತು: ಓಟ್ಸ್ ಪುಡಿ, ಬೇಯಿಸಿದ ಖರ್ಜೂರ, ಮತ್ತೆ ಓಟ್ಸ್ ಪುಡಿ. ಕಾರ್ಮೆಲಿಟಾ ಬಂದದ್ದು ಆ ಬಯಲಿನ ದಕ್ಷಿಣ ಅಂಚಿನ ಊರಿನಿಂದ. ಗಡಿ ಗೆರೆ ನಕ್ಷೆಯಲ್ಲಿರುತ್ತದೆ, ಚರ್ಚಿನ ಊಟದ ಮೇಜಿನಲ್ಲಿ ಇರುವುದಿಲ್ಲ. ಖರ್ಜೂರದ ಜಾಗಕ್ಕೆ ಕ್ಯಾರಮೆಲ್ ಬಂದು ಕೂತಿತು ಎಂದು ನಾನು ಊಹಿಸುತ್ತೇನೆ. ಕಟ್ಟಿನ ಹೋಲಿಕೆ ಮತ್ತು ಊರಿನ ದಿಕ್ಕು, ಇವೆರಡೇ ಇದಕ್ಕೆ ಆಧಾರ. ಇದೇ ಕುಲದ್ದೆಂದು ಕೆಲವರು ಹೇಳುವ ಸ್ಕಾಟ್ಲೆಂಡಿನ ‘ಮಿಲಿಯನೇರ್ಸ್ ಶಾರ್ಟ್‌ಬ್ರೆಡ್’ ದೂರದ ನೆಂಟ. ಅದರಲ್ಲಿ ಕ್ಯಾರಮೆಲ್ ಬೇರೆ ಕಾಯುತ್ತದೆ, ಚಾಕೊಲೇಟ್ ಕೊನೆಗೆ ಮೇಲೆ ಹೆಪ್ಪುಗಟ್ಟುತ್ತದೆ. ಪದರಗಳು ಒಟ್ಟಿಗೆ ಓವನ್ ಕಾಣುವುದೇ ಇಲ್ಲ.

ಖರ್ಜೂರ ಮತ್ತು ಕ್ಯಾರಮೆಲ್ಲಿನ ನಡುವೆ ಒಂದು ತೊಡಕಿದೆ. ಬೆಂದ ಖರ್ಜೂರ ಹಾಕಿದಲ್ಲೇ ಕೂರುತ್ತದೆ, ಬಾಟಲಿಯ ಕ್ಯಾರಮೆಲ್ ಕೂರುವುದಿಲ್ಲ. ತಣ್ಣನೆಯ ಐಸ್‌ಕ್ರೀಮಿನ ಮೇಲೆ ಹರಿಯಲಿ ಎಂದೇ ಅದನ್ನು ತಯಾರಿಸಿರುತ್ತಾರೆ. ಬಿಸಿ ಓವನ್ನಿನಲ್ಲಿ ನೀರಾಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮನೆಯಲ್ಲಿ ಮೊದಲ ಸಲ ಮಾಡಿದಾಗ ಬಾಟಲಿ ಸಿಗದೆ ಸಕ್ಕರೆ, ಬೆಣ್ಣೆ, ಕೆನೆಯಿಂದ ನಾನೇ ತೆಳು ಪಾಕ ಕಾಯಿಸಿದೆ, ಮೈದಾ ಹಾಕುವುದನ್ನು ಮರೆತೆ. ಹದಿನೈದನೇ ನಿಮಿಷಕ್ಕೆ ಓವನ್ನಿನ ಗಾಜಿನಿಂದ ನೋಡಿದರೆ ಟ್ರೇಯ ನಾಲ್ಕೂ ಅಂಚಿನಲ್ಲಿ ಕ್ಯಾರಮೆಲ್ ಬುಳುಬುಳು ಕುದಿಯುತ್ತಿತ್ತು, ನಡುಭಾಗ ಕುಸಿದಿತ್ತು. ಆರಿದ ಮೇಲೆ ಅಂಚು ಚಿಕ್ಕಿಯಂತೆ ಹಲ್ಲಿಗೆ ಸವಾಲು. ತಳದ ಪದರ ಪಾಕವನ್ನೆಲ್ಲ ಹೀರಿ ಬೆಣ್ಣೆ ಕಾಗದಕ್ಕೆ ಹತ್ತಿಕೊಂಡಿತ್ತು. ಮೂರು ಪದರದ ಬದಲು ಒಂದೇ ಕಂದು ಮುದ್ದೆ. ಮನೆಯವರು ಚಮಚದಲ್ಲಿ ಕೆರೆದು ತಿಂದರು, ಅದು ಬೇರೆ ಮಾತು. ಎರಡನೇ ಸಲ ಅದೇ ಅಳತೆ, ಅದೇ ಪಾಕ, ಜೊತೆಗೆ ಗಂಟಿಲ್ಲದಂತೆ ಕಲಸಿದ ಮೂರು ಚಮಚ ಮೈದಾ. ಶಾಖಕ್ಕೆ ಮೈದಾದ ಪಿಷ್ಟ ನೀರನ್ನು ಹೀರಿ ಉಬ್ಬಿ, ಕ್ಯಾರಮೆಲ್ಲನ್ನು ನಡುವೆಯೇ ಹಿಡಿದು ನಿಲ್ಲಿಸಿತು. ಕತ್ತರಿಸಿದ ಬದಿಯಲ್ಲಿ ಮೂರು ಗೆರೆ ಸ್ಪಷ್ಟವಾಗಿ ಕಂಡವು. ಹರಿಯಲೆಂದೇ ಮಾಡಿದ ಪದಾರ್ಥವನ್ನು ನಿಲ್ಲುವಂತೆ ಬಗ್ಗಿಸಿದ್ದು ಅಡುಗೆಮನೆಯ ಬುದ್ಧಿ.

ಇಂಥ ಬಗ್ಗಿಸುವಿಕೆ ಎಲ್ಲ ಸ್ಪರ್ಧೆಯ ತಿಂಡಿಗಳಿಗೂ ದಕ್ಕಲಿಲ್ಲ. ಹಿಂದಿನ ವರ್ಷ, 1966ರಲ್ಲಿ, ಎರಡನೇ ಬಹುಮಾನ ಪಡೆದ ‘ಟನಲ್ ಆಫ್ ಫಜ್’ ಕೇಕ್ ದೇಶವನ್ನೇ ಹುಚ್ಚೆಬ್ಬಿಸಿತು. ಅದಕ್ಕೆ ಬಳಸಿದ, ನಡುವೆ ಕೊಳವೆಯಿರುವ ‘ಬಂಟ್’ ಪಾತ್ರೆಗೆ ಅಂಗಡಿಗಳಲ್ಲಿ ನೂಕುನುಗ್ಗಲು. ಆದರೆ ಅದರ ಹೊಟ್ಟೆಯ ಸುರಂಗ ನಿಂತಿದ್ದು ಪಿಲ್ಸ್‌ಬರಿಯದೇ ಒಂದು ಫ್ರಾಸ್ಟಿಂಗ್ ಪುಡಿಯ ಮೇಲೆ. ಕಂಪನಿ ಆ ಪುಡಿಯನ್ನು ನಿಲ್ಲಿಸಿದಾಗ ಮೂಲ ಕೇಕೂ ನಿಂತಿತು; ಜನರ ಒತ್ತಾಯಕ್ಕೆ ಕಂಪನಿಯೇ ಬೇರೆ ವಿಧಾನ ಹುಡುಕಿ ಕೊಡಬೇಕಾಯಿತು. ಕಾರ್ಮೆಲಿಟಾಗೆ ಆ ಗತಿ ಬರಲಿಲ್ಲ. ಬಾಟಲಿ ಇಲ್ಲದವರು ಕಾಗದ ಸುತ್ತಿದ ಕ್ಯಾರಮೆಲ್ ಮಿಠಾಯಿಗಳನ್ನು ಬಿಡಿಸಿ ಕ್ರೀಮಿನಲ್ಲಿ ಕರಗಿಸಿಕೊಂಡರು. ಮಿಠಾಯಿ ಆಗಲೇ ಗಟ್ಟಿ ಪಾಕ ಕಂಡದ್ದರಿಂದ ಆರಿದರೆ ತಾನೇ ನಿಲ್ಲುತ್ತದೆ; ಆ ವಿಧಾನದಲ್ಲಿ ಮೈದಾ ಕಾಣುವುದಿಲ್ಲ.

ಹಸ್ತಪ್ರತಿಗಳ ಪಾಠಾಂತರ ಹಿಡಿದು ಶಾಖೆ ಗುರುತಿಸುವುದು ಗ್ರಂಥಸಂಪಾದನೆ ಬಲ್ಲವರಿಗೆ ಗೊತ್ತು. ಕಾರ್ಮೆಲಿಟಾದ ಯಾವುದೇ ಪ್ರತಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕ್ಯಾರಮೆಲ್ಲಿನ ಸಾಲು. ಪಕ್ಕದಲ್ಲಿ ಮೂರು ಚಮಚ ಮೈದಾ ಇದ್ದರೆ ಅದು 1967ರ ಬಾಟಲಿ ಶಾಖೆ. ಮಿಠಾಯಿ ಮತ್ತು ಕ್ರೀಮ್ ಇದ್ದು ಮೈದಾ ಬಿಟ್ಟುಹೋಗಿದ್ದರೆ ನಂತರದ ಶಾಖೆ. ನನ್ನ ನೋಟ್‌ಬುಕ್ಕಿನ ಪ್ರತಿಯಲ್ಲಿ ಬಾಟಲಿಯೂ ಇಲ್ಲ, ಮಿಠಾಯಿಯೂ ಇಲ್ಲ, ಒಲೆಯ ಮೇಲೆ ಕಾಯಿಸಿದ ಪಾಕವಿದೆ. ಮೈದಾದ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೇನೆ.